ಜನರೇಟ್ ಆದ ಫೈಲ್‌ಗಳನ್ನ ಗಿಟ್‌ನಾಗ ಇಡಬೇಕೋ, ತೆಗೀಬೇಕೋ?

ಹುಬ್ಬಳ್ಳಿ_ಬ್ಯಾಕೆಂಡ್:
ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಲಾಟ್, ತೂಕ, ಪಟ್ಟಿ ಬರಿಯೋ ಅಪ್ಲಿಕೇಶನ್. ಸರ್ವರ್ ಗೋ ಭಾಷೆಯೊಳಗ ಅದ. ಡೇಟಾದ ರೂಪ ಬರೆದಿಡೋ ಪ್ರೋಟೋ ಫೈಲ್‌ಗಳಿಂದ ಪ್ರೋಟಾಕ್ ಅನ್ನೋ ಟೂಲ್ ತಯಾರು ಮಾಡೋ .ಪಿಬಿ.ಗೋ ಕೋಡ್ ಫೈಲ್‌ಗಳೂ ರೆಪೋದಾಗ (ಗಿಟ್ ನಮ್ಮ ಕೋಡ್ ಮತ್ತ ಅದರ ಇತಿಹಾಸ ಇಡೋ ಜಾಗ) ಕಮಿಟ್ ಆಗ್ಯಾವ. ಇಬ್ಬರು ಹುಬ್ಬಳ್ಳಿಯೊಳಗ, ಒಬ್ಬರು ಹಾವೇರಿಯೊಳಗ ಕೆಲಸ ಮಾಡ್ತಾರ. ಒಂದು ಫೀಲ್ಡ್ ಸೇರಿಸಿದ್ರೂ ಇದ್ದಬದ್ದ ಫೈಲೆಲ್ಲಾ ಡಿಫ್‌ನಾಗ (ಬದಲಾದ ಸಾಲುಗಳ ಪಟ್ಟಿ) ಬರ್ತಾವ, ಮರ್ಜ್ ಮಾಡುವಾಗ (ಎಲ್ಲರ ಕೆಲಸ ಕೂಡಿಸುವಾಗ) ಕಾನ್‌ಫ್ಲಿಕ್ಟ್. .ಗಿಟ್‌ಇಗ್ನೋರ್‌ನಾಗ (ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿ) ಹೆಸರು ಹಾಕಿದ್ರೂ ಗಿಟ್ ತೋರಸೋದು ಬಿಡವಲ್ದು. ಕಾಯಂ ದಾರಿ ಏನ್ರಿ?

ಸಪ್ತಾಪುರ_ಧಾರವಾಡ:
ಗಿಟ್‌ಇಗ್ನೋರ್ ಇನ್ನೂ ಟ್ರ್ಯಾಕ್ ಆಗಲಾರದ ಫೈಲ್‌ಗಷ್ಟ ಲಾಗೂ ಆಗ್ತದ. ಒಮ್ಮೆ ಕಮಿಟ್ ಆದದ್ದನ್ನ ಇಂಡೆಕ್ಸ್‌ನಿಂದ (ಗಿಟ್ ಟ್ರ್ಯಾಕ್ ಮಾಡೋ ಫೈಲ್‌ಗಳ ಪಟ್ಟಿ) ನೀವ ತೆಗೀಬೇಕು (ಜೆನ್/ ಅಂದ್ರ ಆ ಫೈಲ್‌ಗಳಿರೋ ಫೋಲ್ಡರ್):

ಗಿಟ್ ಆರ್‌ಎಂ -ಆರ್ --ಕ್ಯಾಶ್ಡ್ ಜೆನ್/

ಆಮ್ಯಾಲೆ ಕಮಿಟ್. ನಿಮ್ಮ ಡಿಸ್ಕ್‌ನಾಗ ಫೈಲ್ ಉಳೀತದ. ಆದ್ರ ಆ ಕಮಿಟ್ ಪುಲ್ ಮಾಡಿದವರ ಫೋಲ್ಡರ್‌ನಾಗ ಅಳಿಸಿ ಹೋಗ್ತದ, ಬಿಲ್ಡ್ ಅಲ್ಲೇ ಮುರೀತದ. ಹಾವೇರಿಯವರಿಗೆ ಮೊದಲ ಹೇಳಿಡ್ರಿ, ಪುಲ್ ಆದಕೂಡಲೆ ಪ್ರೋಟಾಕ್ ಓಡಿಸಲಿ. ಇಗ್ನೋರ್‌ನ ಯಾವ ಸಾಲು ಹತ್ತೇದ ಅಂತ ತಿಳೀಲಿಕ್ಕೆ ಗಿಟ್ ಚೆಕ್-ಇಗ್ನೋರ್ -ವಿ. ಅಸ್ಯೂಮ್-ಅನ್‌ಚೇಂಜ್ಡ್ ಹಾಕ್ರಿ ಅಂತ ಯಾರರ ಅಂದ್ರ ಕೇಳಬ್ಯಾಡ್ರಿ. ಅದು ನಿಮ್ಮ ಕ್ಲೋನ್‌ನಾಗಷ್ಟ ಇರೋ ಗುರುತು, ಬದಲಾವಣೆ ಮುಚ್ಚಿಡ್ತದ.

ಗದಗ_ದೇವ್‌ಆಪ್ಸ್:
ತೆಗಿಯೂ ಮುಂಚೆ, ಎಲ್ಲಾ ಫೈಲ್ ಯಾಕ ಬದಲಾಗಾಕತ್ತಾವು ಅಂತ ನೋಡ್ರಿ. ಪ್ರೋಟಾಕ್-ಜೆನ್-ಗೋ (ಪ್ರೋಟಾಕ್‌ಗೆ ಗೋ ಕೋಡ್ ಬರಿಯೂ ಪ್ಲಗಿನ್) ಪ್ರತಿ ಫೈಲಿನ ತಲಿಮ್ಯಾಗ, ಕಾಮೆಂಟ್‌ನಾಗ, ತನ್ನ ಆವೃತ್ತಿ ಮತ್ತ ಪ್ರೋಟಾಕ್ ಆವೃತ್ತಿ ಎರಡೂ ಬರೀತೈತಿ. ಮೂರು ಮಷಿನ್‌ನಾಗ ಮೂರು ಆವೃತ್ತಿ ಇದ್ರ, ಪ್ರೋಟೋ ಮುಟ್ಟದಿದ್ರೂ ಆ ಸಾಲು ಬದಲಾಗ್ತಾವು. ನಿಮ್ಮ ಬ್ಯಾನಿ ಬಹುಶಃ ಅಲ್ಲೇ ಐತಿ. ಮೇಕ್‌ಫೈಲ್‌ನಾಗ (ಮೇಕ್ ಟೂಲ್ ಓದೂ ಬಿಲ್ಡ್ ಹೆಜ್ಜೆಗಳ ಫೈಲ್) ಇಲ್ಲಾ ಕಂಟೇನರ್ ಇಮೇಜ್‌ನಾಗ ಎರಡೂ ಆವೃತ್ತಿ ಅಂಕಿ ಸಮೇತ ಕಟ್ಟಿಹಾಕ್ರಿ, "ಲೇಟೆಸ್ಟ್" ಬ್ಯಾಡ.

ಇನ್ನ ಇಡೂದೋ ಬಿಡೂದೋ. ಈ ಪ್ಯಾಕೇಜನ್ನ ಬೇರೆ ರೆಪೋದವರು ಗೋ ಗೆಟ್ ಮಾಡಿ ತಗೋತಿದ್ರ ಕಮಿಟ್ ಆಗೇ ಇರಬೇಕು, ಯಾಕಂದ್ರ ಗೋ ಗೆಟ್ ಆಗಲಿ ಗೋ ಬಿಲ್ಡ್ ಆಗಲಿ ಗೋ ಜನರೇಟ್ (ಕೋಡ್ ತಯಾರಿಸೂ ಕಮಾಂಡ್) ತಾನಾಗೇ ಓಡಸೂದಿಲ್ಲ. ನಿಮ್ಮ ಸರ್ವರಿಗಷ್ಟ ಬೇಕಂದ್ರ ತಗದುಬಿಡ್ರಿ.

ಇಟ್ಕೊಂಡ್ರ ಸಿಐನಾಗ (ಕೋಡ್ ಪುಷ್ ಆದಾಗ ತಾನಾಗೇ ಪರೀಕ್ಷೆ ಓಡಸೂ ವ್ಯವಸ್ಥೆ) ಮತ್ತ ಜನರೇಟ್ ಮಾಡಿಸಿ, ಗಿಟ್ ಸ್ಟೇಟಸ್ --ಪೋರ್ಸಲೀನ್ ಖಾಲಿ ಬರಲಿಲ್ಲಂದ್ರ ಫೇಲ್ ಮಾಡ್ರಿ. ಭಾಳ ಮಂದಿ ಗಿಟ್ ಡಿಫ್ --ಎಕ್ಸಿಟ್-ಕೋಡ್ ಹಾಕ್ತಾರ, ಅದಕ್ಕ ಹೊಸದಾಗಿ ಹುಟ್ಟಿದ ಫೈಲ್ ಕಾಣೂದಿಲ್ಲ. .ಗಿಟ್‌ಆಟ್ರಿಬ್ಯೂಟ್ಸ್‌ನಾಗ "*.ಪಿಬಿ.ಗೋ ಲಿಂಗ್ವಿಸ್ಟ್-ಜನರೇಟೆಡ್=ಟ್ರೂ" ಅಂತ ಹಾಕಿದ್ರ ಗಿಟ್‌ಹಬ್ ರಿವ್ಯೂದಾಗ ಅವನ್ನ ಮಡಚಿ ಇಡತೈತಿ. ಕಾನ್‌ಫ್ಲಿಕ್ಟ್ ಬಂದ್ರ .ಪಿಬಿ.ಗೋ ಒಳಗ ಕೈ ಹಾಕಬ್ಯಾಡ್ರಿ: ಪ್ರೋಟೋ ಸರಿಮಾಡ್ರಿ, ಪ್ರೋಟಾಕ್ ಓಡಿಸ್ರಿ, ಬಂದದ್ದನ್ನ ಆ್ಯಡ್ ಮಾಡ್ರಿ.

ಸಪ್ತಾಪುರ_ಧಾರವಾಡ:
ಗದಗದವರು ಹೇಳಿದ್ದು ಖರೆ, ಮೊದಲ ಆವೃತ್ತಿ ಕಟ್ಟಿಹಾಕ್ರಿ. ಇಟ್ಕೊಂಡವರಿಗೆ ಇನ್ನೊಂದು ತೊಡಕು ಅದ. ಗಿಟ್ ಫೈಲಿನ ಸಮಯ ಕಾಯ್ದಿಡೂದಿಲ್ಲ. ಕ್ಲೋನ್ ಮಾಡಿದಾಗ ಯಾವುದು ಮೊದಲ ಬರೀತದೋ ಅದು ಹಳೇದು. .ಪಿಬಿ.ಗೋಕಿಂತ ಪ್ರೋಟೋ ಹೊಸದಾಗಿ ಕಂಡ್ರ ಮೇಕ್ ಸುಮ್ನ ಪ್ರೋಟಾಕ್ ಕರೀತದ. ಅದಿಲ್ಲದ ಮಷಿನ್‌ನಾಗ ಬಿಲ್ಡ್ ನಿಂತುಬಿಡ್ತದ. ಜನರೇಟ್ ಮಾಡೋದಕ್ಕ ಬೇರೆ ಟಾರ್ಗೆಟ್ ಇಡ್ರಿ, ಮಾಮೂಲಿ ಬಿಲ್ಡ್ ಅದನ್ನ ಅವಲಂಬಿಸಬಾರದು.

ಹುಬ್ಬಳ್ಳಿ_ಬ್ಯಾಕೆಂಡ್:
ಮೂರೂ ಮಷಿನ್‌ನಾಗ ಆವೃತ್ತಿ ಬ್ಯಾರೆ ಬ್ಯಾರೆನ ಅವ. ಸರ್ವರಿಗಷ್ಟ ಬಳಸೋದು, ಅದಕ್ಕ ತೆಗೀತೀವಿ. ಹಂಗಂದ್ರ ಪ್ಯಾಕೇಜ್-ಲಾಕ್, ಗೋ.ಸಮ್ ಸುದ್ದಾ ತೆಗೀಬೇಕೇನ್ರಿ? ಆ್ಯಂಡ್ರಾಯ್ಡ್ ಆ್ಯಪಿನ ಎಪಿಕೆ ಫೈಲೂ ಅಲ್ಲೇ ಅದ.

ಗದಗ_ದೇವ್‌ಆಪ್ಸ್:
ಅವೆರಡೂ ತೆಗೀಲೇಬ್ಯಾಡ್ರಿ. ಪ್ಯಾಕೇಜ್-ಲಾಕ್ ಇಲ್ಲಂದ್ರ ಇವತ್ತ ಆರಿಸಿದ ಲೈಬ್ರರಿ ಆವೃತ್ತಿನ ನಾಳೆ ಜನರೇಟ್ ಮಾಡಿದ್ರೂ ಬರ್ತೈತಿ ಅಂತ ಖಾತ್ರಿ ಇಲ್ಲ; ಗೋ.ಸಮ್ ಆವೃತ್ತಿ ಆರಿಸೂದಿಲ್ಲ, ಇಳಿಸಿದ ಮಾಡ್ಯೂಲ್ ಬದಲಾಗಿಲ್ಲ ಅಂತ ಚೆಕ್‌ಸಮ್‌ನಿಂದ ತಾಳೆ ನೋಡಾಕ ಬೇಕು. ಸಿಐನಾಗ ಎನ್‌ಪಿಎಂ ಸಿಐ ಅನ್ನೂ ಕಮಾಂಡ್ ಬಳಸ್ರಿ, ಪ್ಯಾಕೇಜ್.ಜೇಸನ್‌ಗೂ ಲಾಕ್‌ಗೂ ತಾಳ ತಪ್ಪಿದ್ರ ಅದು ಎರರ್ ಕೊಡತೈತಿ.

ಎಪಿಕೆ ಮಾತ್ರ ತೆಗೀರಿ. ಗಿಟ್‌ಹಬ್ 50 ಎಂಬಿ ದಾಟಿದ್ರ ಎಚ್ಚರಿಸತೈತಿ, 100 ದಾಟಿದ್ರ ಪುಷ್ ತಗೊಳ್ಳೂದಿಲ್ಲ. ಬರೀ ಅಳಿಸಿದ್ರ ಹಿಸ್ಟರಿಯಾಗ ಉಳೀತೈತಿ, ಕ್ಲೋನ್ ಭಾರ ಇಳಿಯೂದಿಲ್ಲ. ಗಿಟ್ ಫಿಲ್ಟರ್-ರೆಪೋ (ಹಿಸ್ಟರಿ ತಿದ್ದೂ ಟೂಲ್) ಓಡಿಸಿದ್ರ ಇಳೀತೈತಿ, ಆದ್ರ ಎಪಿಕೆ ಸೇರಿದ ಕಮಿಟ್‌ನಿಂದ ಮುಂದಿನ ಎಲ್ಲಾ ಹ್ಯಾಶ್ (ಕಮಿಟ್‌ಗಳ ಗುರುತಿನ ಸಂಖ್ಯೆ) ಬದಲಾಗ್ತಾವು. ಮೂವರೂ ಕೆಲಸ ಪುಷ್ ಮಾಡಿ ಮುಗಿಸಿದ ಮ್ಯಾಲ ಓಡಿಸ್ರಿ, ಆಮ್ಯಾಲ ಎಲ್ಲಾರೂ ಹೊಸದಾಗಿ ಕ್ಲೋನ್ ಮಾಡ್ರಿ. ಹಳೇ ಕ್ಲೋನ್‌ನಿಂದ ಒಬ್ಬರು ಮರ್ಜ್ ಮಾಡಿ ಪುಷ್ ಮಾಡಿದ್ರೂ ಆ ಎಪಿಕೆ ವಾಪಸ್ ಬರ್ತೈತಿ.