ಓದುಗರ ಸ್ಪಂದನ: ಅಷ್ಟು ಎಳೇ ಕೂಸಿಗೆ ಏನು ನೆನಪಿರುತ್ತೆ?

ಸಮಸ್ಯೆ: ಎರಡು ತಿಂಗಳ ಕೂಸಾಗಿದ್ದಾಗ ಮಗನಿಗೆ ಹರ್ನಿಯಾ ಆಪರೇಷನ್ ಆಯಿತು. ಈಗ ನಾಲ್ಕು ವರ್ಷ. ಆಸ್ಪತ್ರೆ ಗೇಟ್ ಕಂಡರೆ ಚೀರುತ್ತಾನೆ. ಕೂಸಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ ಅನ್ನುತ್ತಾರೆ ಅತ್ತೆ. ನಾನು ಆಪರೇಷನ್ ಮಾಡಿಸಿದ್ದೇ ತಪ್ಪಾ?

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಎಳೇ ಕೂಸಿಗೆ ನೋವೂ ಅಷ್ಟಾಗಿ ತಿಳಿಯದು, ನೆನಪೂ ಉಳಿಯದು ಅಂತ ದೊಡ್ಡ ದೊಡ್ಡ ಡಾಕ್ಟರುಗಳೂ ನಂಬಿದ್ದರು. 1985ರಲ್ಲಿ ಅಮೆರಿಕದಲ್ಲಿ ದಿನ ತುಂಬದೆ ಹುಟ್ಟಿದ ಜೆಫ್ರಿ ಲಾಸನ್ ಎಂಬ ಕೂಸಿಗೆ, ಅಲುಗಾಡದಂತೆ ಮಾಡುವ ಔಷಧಿ ಮಾತ್ರ ಕೊಟ್ಟು ಎದೆ ಕೊಯ್ದರು. ನೋವಿಗೆ ಏನೂ ಕೊಡಲಿಲ್ಲ. ಅದು ಗೊತ್ತಾದಾಗ ತಾಯಿ ಜಿಲ್ ಲಾಸನ್ ಸುಮ್ಮನೆ ಕೂರಲಿಲ್ಲ, ಬರೆದು ಬಯಲಿಗೆಳೆದರು. ಇಂದೋರ್‌ನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕೆ.ಜೆ.ಎಸ್. ಆನಂದ್ 1987ರಲ್ಲಿ ಇನ್ನೊಂದು ತೋರಿಸಿದರು. ಆಪರೇಷನ್ ವೇಳೆ ನೋವಿನ ಔಷಧಿ ಸಿಕ್ಕ ಕೂಸುಗಳಿಗೆ ಆಮೇಲಿನ ತೊಡಕೂ ಕಡಿಮೆ.

ಇನ್ನು ನೆನಪಿನ ವಿಷಯ. 1997ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಂಶೋಧಕಿ ಅನ್ನಾ ಟ್ಯಾಡಿಯೊ ಮತ್ತು ಸಂಗಡಿಗರು 87 ಗಂಡುಕೂಸುಗಳನ್ನು ನೋಡಿದರು. ಹುಟ್ಟಿದ ಹೊಸತರಲ್ಲಿ ಸುನ್ನತಿ ಆದವು, ತಿಂಗಳುಗಳ ನಂತರ ಲಸಿಕೆಯ ಸೂಜಿಗೆ ಉಳಿದವುಗಳಿಗಿಂತ ಜಾಸ್ತಿ ನೊಂದವು. ಸುನ್ನತಿ ವೇಳೆ ಮರಗಟ್ಟಿಸುವ ಮುಲಾಮು ಹಚ್ಚಿದ್ದವಕ್ಕೆ ಅಷ್ಟಿರಲಿಲ್ಲ. ನಿಮ್ಮ ಮಗನಿಗೆ ಏನು ಕೊಟ್ಟಿದ್ದರು? ಕೇಸ್ ಶೀಟ್ ಕೇಳಿ ನೋಡಿ. ಈಗ ಸರಿಯಾದ ಅರಿವಳಿಕೆ ಕೊಟ್ಟೇ ಮಾಡುತ್ತಾರೆ.
– ನಿವೃತ್ತ ನರ್ಸ್, ದಾವಣಗೆರೆ

ಟೊರೊಂಟೊದ ಆ ಮಕ್ಕಳನ್ನು ನೋಡಿದ್ದು ಆರು ತಿಂಗಳವರೆಗೆ ಮಾತ್ರ, ಅಲ್ವಾ? ನಾಲ್ಕು ವರ್ಷದ ಹೆದರಿಕೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಬೇಡ. ನನ್ನ ಮಗನಿಗೆ ಕೂಸಿದ್ದಾಗಲೇ ಸುನ್ನತಿ ಮಾಡಿಸಿದೆವು, ಡಾಕ್ಟರ ಹತ್ತಿರ, ಮರಗಟ್ಟಿಸಿ. ಸೂಜಿ ಕಂಡರೆ ಅಳುತ್ತಾನೆ. ಯಾವ ಆಪರೇಷನ್ನೂ ಆಗದ ಅವನ ಅಕ್ಕನದು ಅವನಿಗಿಂತ ದೊಡ್ಡ ರಂಪ! ಊಟ ಮಾಡದಿದ್ದರೆ ಸೂಜಿ ಹಾಕಿಸ್ತೀನಿ ಅಂತ ಮನೆಯಲ್ಲಿ ಯಾರಾದರೂ ಹೆದರಿಸುತ್ತಾರಾ? ಮೊದಲು ಅದನ್ನು ನಿಲ್ಲಿಸಿ.
– ಒಬ್ಬ ತಂದೆ, ಮಂಗಳೂರು

ನಿಮ್ಮದೇನೂ ತಪ್ಪಿಲ್ಲ. ಎಳೇ ಕೂಸಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು, ಕಾಯುವಂತಿರಲಿಲ್ಲ. ಮುಂದಿನ ಸಲ ಸೂಜಿಗೆ ಒಂದು ಗಂಟೆ ಮೊದಲು ಮರಗಟ್ಟಿಸುವ ಮುಲಾಮು ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ‘ಪಾರ್ಕಿಗೆ ಹೋಗೋಣ’ ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. ಮಲಗಿಸಿ ಒತ್ತಿ ಹಿಡಿಯುವ ಬದಲು ತೊಡೆಯ ಮೇಲೆ ಕೂರಿಸಿಕೊಳ್ಳಿ. ಹೊಟ್ಟೆಯ ಗಾಯದ ಗುರುತು ಏನೆಂದು ಕೇಳಿದರೆ ಸರಳವಾಗಿ ಹೇಳಿಬಿಡಿ. ನಿದ್ದೆಯಲ್ಲೂ ಬೆಚ್ಚುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.
– ಅಂಗನವಾಡಿ ಶಿಕ್ಷಕಿ, ಹಾವೇರಿ