ಹಿರಿಯರು ಕೂತು ಮಾಡುವ ನ್ಯಾಯವನ್ನು ಲಾ ಕಾಲೇಜಲ್ಲಿ ಕಲಿಸಬಹುದಾ?

ಪ್ರಶ್ನೆ: ಮೇಡಂ, ನಾನು ಎಲ್‌ಎಲ್‌ಬಿ ಎರಡನೇ ವರ್ಷ. ಮೂಲನಿವಾಸಿಗಳ ನ್ಯಾಯಪದ್ಧತಿ ನಮ್ಮ ಪಠ್ಯದಲ್ಲಿ ಅರ್ಧ ಪುಟ. ‘ರೂಢಿ’ ಅಂತ ಹೇಳಿ ಮುಗಿಸಿದರು. ಅದನ್ನು ಕಾನೂನು ಅಂತಲೇ ಕಲಿಸುವ ಕಡೆ ಎಲ್ಲಾದರೂ ಇದೆಯಾ? ಬರೆದಿಡದ್ದನ್ನು ಕಲಿಸುವುದಾದರೂ ಹೇಗೆ?

ಉತ್ತರ: ಇದೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯ 2018ರಲ್ಲಿ ನಾಲ್ಕು ವರ್ಷದ ಕೋರ್ಸ್ ಶುರು ಮಾಡಿತು. ಮುಗಿಸಿದವರಿಗೆ ಎರಡು ಪದವಿ: ಒಂದು ಕೆನಡಾದ ಕಾನೂನಿನದು, ಇನ್ನೊಂದು ಮೂಲನಿವಾಸಿಗಳ ಕಾನೂನಿನದು. ಆಸ್ತಿ ಕಾನೂನಿನ ಜೊತೆಗೇ ಗಿಟ್‌ಕ್ಸಾನ್ ಜನರ ಆಸ್ತಿ ಕಟ್ಟಳೆ, ಕ್ರಿಮಿನಲ್ ಕಾನೂನಿನ ಜೊತೆಗೆ ಕ್ರೀ ಜನರದು. ಕ್ಲಾಸಲ್ಲೇ ಎಲ್ಲ ಮುಗಿಯುವುದಿಲ್ಲ, ಸಮುದಾಯಗಳ ನಡುವೆ ಹೋಗಿಯೂ ಕಲಿಯಬೇಕು.

ಬರೆದಿಡದ್ದು ಅಂದಿರಲ್ಲ, ಅದು ಇರುವುದೇ ಕಥೆಗಳಲ್ಲಿ. ನಾವು ತೀರ್ಪನ್ನು ಓದುವ ಹಾಗೇ ಕಥೆಯನ್ನು ಓದಿಸುತ್ತಾರೆ. ತಕರಾರು ಏನಿತ್ತು? ತೀರ್ಮಾನ ಯಾರದು? ಯಾಕೆ ಹಾಗೆ ಮಾಡಿದರು? ಇದಕ್ಕೆ ಉಲ್ಟಾ ಹೇಳುವ ಕಥೆಯೂ ಸಿಗುತ್ತದೆ. ಆಗಲೇ ವಾದ ಶುರು. ‘ರೂಢಿ’ ಅಂದುಬಿಟ್ಟರೆ ಈ ವಾದಕ್ಕೇ ಜಾಗ ಇರುವುದಿಲ್ಲ, ನನ್ನ ತಕರಾರು ಅದೇ.

ಇನ್ನೊಬ್ಬರು: ಹೀಗೆ ಹಿರಿಯರು ಕೂತು ರಾಜಿ ಮಾಡಿಸುವುದು ಅಂದರೆ ತಪ್ಪು ಮಾಡಿದವನನ್ನು ಸುಮ್ನೆ ಬಿಟ್ಟುಬಿಡುವುದು ಅಲ್ವಾ?

ಉತ್ತರ: ಅಲ್ಲ. ಅಮೆರಿಕದ ನವಾಹೋ ಜನರು 1982ರಲ್ಲಿ ತಮ್ಮ ಹಳೆಯ ರಾಜಿ ಪದ್ಧತಿಯನ್ನು ತಮ್ಮದೇ ಕೋರ್ಟ್ ವ್ಯವಸ್ಥೆಯೊಳಗೆ ತಂದರು. ಅಲ್ಲಿ ಹಿರಿಯರು ತೀರ್ಪು ಹೇರುವುದಿಲ್ಲ, ಮಾತನಾಡಿಸುತ್ತಾರೆ. ತಪ್ಪು ಮಾಡಿದವನು ನೆಂಟರ ಎದುರೇ ಬಾಯಿಬಿಡಬೇಕು. ನಷ್ಟ ತುಂಬಿಕೊಡುವ ವಿಷಯದಲ್ಲಿ ನೆಂಟರೂ ಸೇರುತ್ತಾರೆ. ದಂಡ ಕಟ್ಟಿ ಎದ್ದುಹೋಗುವುದು ಇದಕ್ಕಿಂತ ಸಲೀಸು!

ಮೊದಲು ಕೇಳಿದವರು: ಹಿರಿಯರೆಲ್ಲ ಗಂಡಸರೇ ಆದರೆ? ಹೆಂಗಸರ ದೂರು ಅಲ್ಲೇ ಮುಚ್ಚಿಹೋಗಬಹುದಲ್ಲ?

ಉತ್ತರ: ಆ ಭಯ ನಿಜ. ಮೂಲನಿವಾಸಿಗಳ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2007ರ ಘೋಷಣೆಯ 34ನೇ ವಿಧಿ ಅವರಿಗೆ ತಮ್ಮ ನ್ಯಾಯಪದ್ಧತಿ ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ, ಆದರೆ ಮಾನವ ಹಕ್ಕುಗಳ ಚೌಕಟ್ಟಿನೊಳಗೆ. ಬೊಲಿವಿಯಾದ 2009ರ ಸಂವಿಧಾನ ಮೂಲನಿವಾಸಿಗಳ ನ್ಯಾಯಕ್ಕೆ ಸರ್ಕಾರಿ ಕೋರ್ಟಿನಷ್ಟೇ ಸ್ಥಾನ ಕೊಟ್ಟಿತು. ಮರುವರ್ಷದ ಕಾನೂನು ಅತ್ಯಾಚಾರ, ಕೊಲೆಯಂಥ ಕೇಸುಗಳನ್ನು ಅವರ ಕೈಯಿಂದ ಹೊರಗಿಟ್ಟಿತು. ಅಲ್ಲಿಗೆ ಸರಿ. ಆದರೆ ಅದೇ ಪಟ್ಟಿಯಲ್ಲಿ ಗಣಿ, ಕಾಡಿನ ವಿಷಯಗಳೂ ಸೇರಿಕೊಂಡವು. ಹೆಂಗಸರ ರಕ್ಷಣೆಗೂ ಗಣಿಗೂ ಏನು ಸಂಬಂಧ? ನಿಮ್ಮ ಸೆಮಿನಾರಿಗೆ ಇದನ್ನೇ ಹಿಡಿಯಿರಿ. ಆ ಕಾನೂನಿನ ಹತ್ತನೇ ಕಲಮಿನಿಂದ ಶುರು ಮಾಡಿ.