ಬಸ್ಯಾ ಅಂದರೆ ಯಾವ ಬಸ್ಯಾ?

ಬಾಗಲಕೋಟೆಯ ನವನಗರದಲ್ಲಿ ನಾವು ದಿನಾ ಸಂಜೆ ಕೂಡುವ ಒಂದು ಚಹಾದಂಗಡಿ ಇದೆ. ಅದರ ಮುಂದೆ ನಿಂತು ಯಾರಾದರೂ 'ಲೇ ಬಸ್ಯಾ' ಅಂತ ಕೂಗಿದರೆ ಕಡಿಮೆ ಅಂದರೂ ನಾಲ್ಕು ತಲೆ ತಿರುಗುತ್ತವೆ. ಒಂದು ನನ್ನದು. ಎರಡು ನನ್ನ ಗೆಳೆಯರದು. ನಾಲ್ಕನೆಯದು ಪಕ್ಕದ ಕಾಯಿಪಲ್ಲೆ ಗಾಡಿಯಲ್ಲಿ ಕೊತ್ತಂಬರಿ ಮೇಯುತ್ತಿರುವ, ದೇವರಿಗೆ ಬಿಟ್ಟ ಗೂಳಿಯದು. ಅದರ ಹೆಸರೂ ಬಸವನೇ. ನಮ್ಮೆಲ್ಲರಿಗಿಂತ ಅದಕ್ಕೆ ಮರ್ಯಾದೆ ಜಾಸ್ತಿ. ಉದ್ರಿಯ ಲೆಕ್ಕ ಇಲ್ಲ ಅದಕ್ಕೆ.

ನಮಗೆ ಇದೆ. ಅಂಗಡಿಯ ಕಾಕಾ ಒಂದು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಉದ್ರಿ ಬರೆಯುತ್ತಾನೆ. ಎಲ್ಲರೂ ಬಸವರಾಜರೇ ಆದ್ದರಿಂದ ಹೆಸರಿಗೆ ಬಾಲ ಹಚ್ಚಿದ್ದಾನೆ. ಸಾಲಿ ಬಸು ಅಂದರೆ ಕನ್ನಡ ಮೇಷ್ಟ್ರು. ಟ್ರ್ಯಾಕ್ಟರ್ ಬಸು ಅಂದರೆ ಎಂಟು ಎಕರೆ ಕಬ್ಬಿನವನು. ನಾನು ಬ್ಯಾಂಕ್ ಬಸು. ಬ್ಯಾಂಕಿನಲ್ಲಿ ನೌಕರಿ ಮಾಡುತ್ತೇನೆ ಅಂತ ತಿಳಿಯಬೇಡಿ. ಸಾಲಕ್ಕಾಗಿ ಅಲ್ಲಿಗೆ ಅಲೆಯುತ್ತೇನೆ.

ಆಲಮಟ್ಟಿಯ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಮನೆಗಳು ಎದ್ದು ನವನಗರಕ್ಕೆ ಬಂದವಲ್ಲ, ಆಗ ಓಣಿಗಳ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಅದೇ ಹೊತ್ತಿಗೆ ನಮಗೂ ಒಂದೊಂದು ನಂಬರ್ ಕೊಟ್ಟಿದ್ದರೆ ಪೋಸ್ಟ್‌ಮನ್ ಬದುಕಿಕೊಳ್ಳುತ್ತಿದ್ದ.

ಮೊನ್ನೆ ಮಿರ್ಚಿ ಆಗಷ್ಟೇ ಎಣ್ಣೆಯಿಂದ ಮೇಲೆ ಬಂದಿತ್ತು. ಮಲ್ಲು ಮುಖ ಜೋತು ಹಾಕಿಕೊಂಡು ಬಂದು ಬೆಂಚಿನ ತುದಿಗೆ ಕೂತ. ನಮ್ಮ ಗುಂಪಿನಲ್ಲಿ ಬಸವನಲ್ಲದವನು ಇವನೊಬ್ಬನೇ. ಮಗ ಹುಟ್ಟಿ ತಿಂಗಳಾಗಿತ್ತು. ಬರುವ ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕಬೇಕು, ಹೆಸರು ಮಾತ್ರ ಇನ್ನೂ ಗೊತ್ತಾಗಿಲ್ಲ.

"ನನ್ನ ಹೆಂಡತಿ ಮೊಬೈಲಿನಲ್ಲಿ ನೋಡಿ ಪಟ್ಟಿ ಮಾಡಿದ್ದಾಳೆ. ಆಯಾಂಶ್, ರಿಯಾಂಶ್, ವಿಯಾನ್..."

"ಔಷಧಿ ಚೀಟಿ ಓದಿದ ಹಾಗಿದೆ ನೋಡು," ಅಂದ ಟ್ರ್ಯಾಕ್ಟರ್.

"ಅವ್ವ ಒಪ್ಪಲ್ಲ. ತೀರಿಕೊಂಡ ಅಪ್ಪನ ಹೆಸರೇ ಇಡಬೇಕಂತೆ."

ಅವರಪ್ಪ ಯಾರು? ಬಸವರಾಜಪ್ಪ. ಬೆಂಚು ಒಂದು ಸಲ ಸುಮ್ಮನಾಯಿತು. ನಾವು ಮೂವರೂ ಎದೆ ಸೆಟೆಸಿ ಕೂತೆವು.

ತಮಾಷೆ ಏನಪ್ಪಾ ಅಂದರೆ, ಆ ಹೆಸರೇ ಬೇಕು ಅಂತ ಹಟ ಹಿಡಿದ ಅವ್ವ ಅದನ್ನು ಬಾಯಲ್ಲಿ ಹೇಳುವುದಿಲ್ಲ. ಗಂಡನ ಹೆಸರು ಹೇಗೆ ಹೇಳುವುದು? "ಯಾವ ಹೆಸರು ಅತ್ತಿ?" ಅಂತ ಸೊಸೆ ಬೇಕಂತಲೇ ಕೇಳುತ್ತಾಳಂತೆ. ಅವ್ವ ಗೋಡೆಯ ಕ್ಯಾಲೆಂಡರಿನತ್ತ ಬೆರಳು ತೋರಿಸುತ್ತಾಳೆ. ಅಲ್ಲಿ ಕಿರೀಟ ಹಾಕಿಕೊಂಡ ಬಸವಣ್ಣ ಇದ್ದಾನೆ, ಕೆಳಗೆ ಒಂದು ರಸಗೊಬ್ಬರದ ಜಾಹೀರಾತೂ ಇದೆ. "ಯೂರಿಯಾ ಅಂತ ಇಡೋಣೇನ್ರಿ?" ಅಂದಳಂತೆ ಸೊಸೆ. ಅವತ್ತು ರಾತ್ರಿ ಮಲ್ಲುಗೆ ಊಟ ಬಡಿಸಲು ಇಬ್ಬರೂ ಬರಲಿಲ್ಲ.

ಅವ್ವ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆ ದಿನ ಒಂದೇ ಸಲ. ಅದೂ ಬಾಗಿಲಲ್ಲಿ ಅಡ್ಡ ನಿಂತ ನಾದಿನಿಯರು ಬಿಡದೆ ಒಡಪು ಕೇಳಿದ್ದಕ್ಕೆ. ಮಲ್ಲು ಅದನ್ನೂ ಹೇಳಿ ತೋರಿಸಿದ:

"ಕೂಡಲಸಂಗಮದಾಗ ಕೃಷ್ಣಿ ಮಲಪ್ರಭಿ ಕೂಡಿ, ಬಸವರಾಜರ ಹೆಸರ ಹೇಳತೀನಿ ಬಾಗಿಲ ಬಿಡ್ರಿ."

"ಪ್ರಾಸ ಸ್ವಲ್ಪ ಜಾರಿದೆ," ಅಂದ ಸಾಲಿ ಬಸು.

"ಹೊಟ್ಟೆ ಹಸಿದಿತ್ತಂತೆ ಮಾಸ್ತರ. ಬಾಗಿಲು ಬಿಟ್ಟರೆ ಸಾಕಾಗಿತ್ತು."

ಮಲ್ಲುವಿನ ಚಿಂತೆ ಬೇರೆಯೇ ಇತ್ತು. "ಅಲ್ಲರೀ, ಬಸವ ಅಂದರೆ ಎತ್ತು. ಮಗನಿಗೆ ಎತ್ತುರಾಜ ಅಂತ ಹೆಸರಿಟ್ಟ ಹಾಗಾಗಲ್ವಾ?"

ಮೇಷ್ಟ್ರಿಗೆ ಇಷ್ಟೇ ಸಾಕಿತ್ತು. ಚಹಾದ ಗ್ಲಾಸು ಬೆಂಚಿಗಿಟ್ಟ. "ವನ ಬನ ಆಯಿತು. ವರ್ಣ ಬಣ್ಣ ಆಯಿತು. ವ್ಯವಸಾಯ ಬೇಸಾಯ ಆಯಿತು. ಹಾಗೆಯೇ ಸಂಸ್ಕೃತದ ವೃಷಭ ಪ್ರಾಕೃತಕ್ಕೆ ಬಂದು ವಸಹ ಆಯಿತು, ನಮ್ಮ ಬಾಯಿಗೆ ಬಿದ್ದು ಬಸವ ಆಯಿತು. ವೃಷಭ ಅಂದರೆ ಬರೀ ಎತ್ತಲ್ಲಲೇ. ಶಿವನ ನಂದಿ. ಇಲ್ಲೇ ಬಾಗೇವಾಡಿಯ ಮಾದರಸ, ಮಾದಲಾಂಬಿಕೆಗೆ ನಂದಿಯ ವರದಿಂದ ಮಗ ಹುಟ್ಟಿದ ಅಂತ ಕಥೆ ಇದೆ. ಅದಕ್ಕೇ ಬಸವ ಅಂತ ಹೆಸರಿಟ್ಟರು."

"ಸರಿ, ರಾಜ ಎಲ್ಲಿಂದ ಬಂತು? ಬಸವಣ್ಣ ರಾಜ ಅಲ್ವಲ್ಲ?"

"ಅಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಭಂಡಾರಿಯಾಗಿದ್ದ. ಅಂದರೆ ಖಜಾನೆ ಲೆಕ್ಕ. ರಾಜ ಬಿಜ್ಜಳ. ಆದರೆ ಹರಿಹರ ಕವಿ ರಗಳೆ ಬರೆದಾಗ ಅದಕ್ಕೆ ಬಸವರಾಜದೇವರ ರಗಳೆ ಅಂತಲೇ ಹೆಸರು. ಸಿಂಹಾಸನದ ಮೇಲೆ ಕೂತವನು ಬಿಜ್ಜಳ, ಹೆಸರಿಗೆ ರಾಜ ಸೇರಿದ್ದು ಬಸವನಿಗೆ. ನಿನ್ನ ಮೊಬೈಲ್ ತೆಗಿ. ಬಸವರಾಜ ಎಷ್ಟು, ಬಿಜ್ಜಳ ಎಷ್ಟು, ಎಣಿಸು."

ಮಲ್ಲು ನಿಜವಾಗಿಯೂ ಎಣಿಸಿದ. 23 ಬಸವರಾಜ, ಬಸಪ್ಪ, ಬಸಣ್ಣ, ಬಸಲಿಂಗ, ಬಸನಗೌಡ, ಚನ್ನಬಸಪ್ಪ, ಗುರುಬಸಪ್ಪ. ಬಿಜ್ಜಳ ಸೊನ್ನೆ. ಅದರಲ್ಲೂ ಒಂದು 'ಬಸು ಬೋರ್‌ವೆಲ್', ಒಂದು 'ಬಸು ಫೋನ್ ಎತ್ತಬೇಡ'. ಆ ಎರಡನೆಯದರ ನಂಬರ್ ನನಗೆ ಚೆನ್ನಾಗಿ ಗೊತ್ತು. ಆದರೂ ಸುಮ್ನೆ ಮಿರ್ಚಿ ತಿಂದೆ.

ಟ್ರ್ಯಾಕ್ಟರ್ ಬಸುಗೆ ಮಾತ್ರ 'ಬರೀ ಎತ್ತಲ್ಲ' ಅಂದದ್ದು ಹಿಡಿಸಲಿಲ್ಲ. "ಎತ್ತು ಅಂದರೆ ಏನು ಕಡಿಮೆ ಮಾಸ್ತರ? ನಮ್ಮಪ್ಪ ಎತ್ತು ಮಾರಿ ಟ್ರ್ಯಾಕ್ಟರ್ ತಂದ ವರ್ಷ ಕಾರಹುಣ್ಣಿಮೆಗೆ ಏನು ಮಾಡಿದ ಗೊತ್ತೇನು? ಬಣ್ಣದ ಡಬ್ಬಿ ಹಿಡಿದು ಕೊಟ್ಟಿಗೆಯಲ್ಲಿ ನಿಂತ. ಹಚ್ಚಬೇಕಂದರೆ ಕೋಡಿಲ್ಲ. ಕೊನೆಗೆ ಎತ್ತಿನ ಗೆಜ್ಜೆಸರ ತಂದು ಬಾನೆಟ್ಟಿಗೆ ಕಟ್ಟಿದ. ನಾನು ಗಾಡಿ ಚಾಲೂ ಮಾಡಿದರೆ ಗೆಜ್ಜೆ ಹುಚ್ಚು ಹಿಡಿದ ಹಾಗೆ ಕುಣಿಯಿತು. ಮುದುಕ ಅತ್ತುಬಿಟ್ಟ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಗೆಜ್ಜೆ ಈಗಲೂ ಅವನ ಸ್ಟೇರಿಂಗಿನ ಪಕ್ಕ ನೇತಾಡುತ್ತಿದೆ, ನಾನು ನೋಡಿದ್ದೇನೆ.

ಮಲ್ಲು ಮತ್ತೆ ಬಾಲ ಹಿಡಿದು ಎಳೆದ. "ಗಾದೆಗಳಲ್ಲಿ ಬಸವನ ಮಾನ ಎಲ್ಲಿದೆ ಹೇಳಿ. ಹೂಂ ಹೂಂ ಅಂದವನು ಕೋಲೆ ಬಸವ. ಕೆಲಸವಿಲ್ಲದೆ ತಿರುಗುವವನು ಬೀದಿ ಬಸವ. ಎತ್ತ ಹೋದರೂ ಬಸವನ ಹಿಂದೆ ಬಾಲ. ಮಳೆಗಾಲದಲ್ಲಿ ಗೋಡೆ ಹತ್ತುವ ಹುಳ ಕೂಡ ಬಸವನ ಹುಳು!"

"ಬೆಳಗಾವಿಯಲ್ಲಿ ಇನ್ನೂ ಮಜಾ," ಅಂದ ಟ್ರ್ಯಾಕ್ಟರ್. ಮದುವೆ ಜವಳಿಗೆ ಹೋಗಿದ್ದನಂತೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಮಾಲೀಕ "ಯಾ, ಬಸಾ ಬಸಾ" ಅಂದ. ಇವನಿಗೆ ಖುಷಿಯೋ ಖುಷಿ. ಇಷ್ಟು ದೂರದ ಊರಲ್ಲೂ ನನ್ನ ಹೆಸರು ಗೊತ್ತಲ್ಲ! ಹಿಂದೆ ಬಂದ ಹೆಣ್ಣುಮಗಳಿಗೂ "ಬಸಾ" ಅಂದಾಗ ಅನುಮಾನ ಬಂತು. ಮರಾಠಿಯಲ್ಲಿ ಅದು 'ಕೂತುಕೊಳ್ಳಿ' ಅಂತ. ಗಣಪತಿ ಕೂರಿಸುವುದಕ್ಕೂ ಅವರು 'ಬಸವಣೆ' ಅನ್ನುತ್ತಾರೆ. ಹಿಂದಿಯವರಿಗೆ ಬಸ್ ಅಂದರೆ ಸಾಕು. ನಮಗೆ ಬಸ್ ಅಂದರೆ ಬಾರದೇ ಇರುವುದು.

ನನ್ನ ಗೋಳು ಇಂಗ್ಲಿಷಿನದು. ಎಸ್ ಆದ ಮೇಲೆ ಎ ಇದೆಯೋ ಇಲ್ಲವೋ. ಮುಂದೆ ವಿ ಯೋ ಡಬ್ಲ್ಯೂ ವೋ. ಅದರ ಮುಂದೆ ಮತ್ತೆ ಎ ಬೇಕೋ ಬೇಡವೋ. ಕೊನೆಗೊಂದು ಎ. ನಾಲ್ಕು ಕಡೆ ಎರಡೆರಡು ದಾರಿ, ಒಟ್ಟು 16 ಬಸವರಾಜರು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಒಬ್ಬ, ಆಧಾರಿನಲ್ಲಿ ಒಬ್ಬ, ಪಹಣಿಯಲ್ಲಿ ಇನ್ನೊಬ್ಬ. ಸಾಲ ಕೇಳಲು ಹೋದರೆ ಕೌಂಟರಿನವರು ಮೂರೂ ಕಾಗದ ಸಾಲಾಗಿ ಇಟ್ಟು, "ನೀವು ಯಾರು?" ಅಂತ ಕೇಳಿದರು. ಜನ ಕಾಡಿಗೆ ಹೋಗಿ ತಪಸ್ಸು ಮಾಡಿ ಕೇಳಿಕೊಳ್ಳುವ ಪ್ರಶ್ನೆ ಅದು. ನನಗೆ 100 ರೂಪಾಯಿ ಛಾಪಾ ಕಾಗದದಲ್ಲಿ ಉತ್ತರ ಕೊಡು ಅಂದರು.

"ಅದಕ್ಕೇ ಬೇಡ ಅನ್ನೋದು," ಅಂದ ಮಲ್ಲು.

"ಲೇ, ಈ ಹೆಸರಿನಿಂದ ಯಾರಿಗೆ ಏನು ನಿಂತಿದೆ?" ಮೇಷ್ಟ್ರು ಬೆರಳು ಮಡಚತೊಡಗಿದ. "ಬಸವರಾಜ ರಾಜಗುರು ಹಾಡಿದರು. ಗೋಕಾಕ ಕಡೆಯ ಬಸವರಾಜ ಕಟ್ಟೀಮನಿ ಕಾದಂಬರಿ ಬರೆದರು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದರು. ಅದೆಲ್ಲ ಬಿಡು, ನಮ್ಮ ಜಮಖಂಡಿ ಸೀಮೆಯ ಸಾವಳಗಿಯ ಬಿ. ಡಿ. ಜತ್ತಿ. ಬಿ ಅಂದರೆ ಏನು?"

"ಬಿ ಅಂದರೆ... ಬಿ."

"ಬಸಪ್ಪ! ಬಸಪ್ಪ ದಾನಪ್ಪ ಜತ್ತಿ. ಮುಖ್ಯಮಂತ್ರಿ ಆದರು, ಉಪರಾಷ್ಟ್ರಪತಿ ಆದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನ ಮೂರ್ತಿ ಇದೆ. ನಿನ್ನ ವಿಯಾನನದು ಎಲ್ಲಿದೆ ತೋರಿಸು."

ವಿಯಾನನಿಗೆ ಇನ್ನೂ ಒಂದೇ ತಿಂಗಳು ಅಂತ ಮಲ್ಲು ಗೊಣಗಿದ. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ನಿಂತ. ತೊಟ್ಟಿಲ ಹತ್ತಿರ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವನ ಅಕ್ಕ. ಅವಳು ಅವ್ವನ ಪಾರ್ಟಿ. ಹಿಂದಿನಿಂದ ಹೆಂಗಸರು ಬೆನ್ನಿಗೆ ಎಷ್ಟು ಗುದ್ದಿದರೂ ಅವಳ ಬಾಯಿಂದ ಆಯಾಂಶ್ ಬರುವುದಿಲ್ಲ. "ನಾನು ಬಡಿದಾಡಿ ಏನು ಮಾಡಲಿ? ಬಸವರಾಜ ಅಂತಲೇ ಇಡ್ತೀನಿ, ಮುಗೀತು!" ಅಂದ.

ನಾವು ಕೈ ತಟ್ಟಿದೆವು. ಗೂಳಿಯೂ ತಲೆ ಎತ್ತಿ ನೋಡಿತು. ಸದ್ದಿಗೆ ಕಾಕಾ ನೋಟ್‌ಬುಕ್ ಹಿಡಿದುಕೊಂಡೇ ಹೊರಗೆ ಬಂದ.

"ಎಲ್ಲರೂ ಇದ್ದೀರಿ, ಒಳ್ಳೇದಾಯ್ತು. ಇಲ್ಲೊಂದು ಹಳೇ ಉದ್ರಿ ಇದೆ. 340 ರೂಪಾಯಿ. ಅವಸರದಲ್ಲಿ ಬರೀ ಬಸವರಾಜ ಅಂತ ಬರೆದುಬಿಟ್ಟೀನಿ. ಯಾರದು?"

ಗದ್ದಲ ತಣ್ಣಗಾಯಿತು.

"ದಾಖಲೆಯಲ್ಲಿ ನಾನು ಬಸಲಿಂಗಪ್ಪ," ಅಂದ ಮೇಷ್ಟ್ರು.

"ನಂದು ಬಸನಗೌಡ," ಅಂದ ಟ್ರ್ಯಾಕ್ಟರ್.

"ವಿ ಇದೆಯಾ ಡಬ್ಲ್ಯೂ ಇದೆಯಾ ನೋಡು ಕಾಕಾ," ಅಂದೆ ನಾನು. "ನಂದು ಡಬ್ಲ್ಯೂ."

ಕಾಕಾ ಕಿವಿಯ ಮೇಲಿಂದ ಪೆನ್ನು ತೆಗೆದ. ನಮ್ಮ ಮೂವರನ್ನೂ ಒಂದು ಸುತ್ತು ನೋಡಿ, ಚಪ್ಪಲಿ ಮೆಟ್ಟುತ್ತಿದ್ದ ಮಲ್ಲುವಿನ ಕಡೆ ತಿರುಗಿದ.

"ಮಲ್ಲಣ್ಣ, ಈಗ ಮಗನ ಹೆಸರು ಏನಂದಿ?"